ಹದಿನೇಳು ಇಂಚಿನ ಇಗರ್ಜಿ

ಹಯವದನ ರಾಯರು ವಿಜ್ಞಾನಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ರಾಯರು ತಾವಾಗಿ ಯಾರಿಗೂ ಹೇಳಿದವರಲ್ಲ. ಅಹಮದಾಬಾದಿನ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಮೂವತ್ತಮೂರು ವರ್ಷ ಇದ್ದದ್ದು ನಿಜ, ಆದರೆ ಇದ್ದದ್ದು ಖರೀದಿ ವಿಭಾಗದಲ್ಲಿ. ವಿಜ್ಞಾನಿಗಳಿಗೆ ಬೇಕಾದ ಸ್ಕ್ರೂ, ಅಂಟು, ಕುರ್ಚಿ, ಕಿಟಕಿಯ ಪರದೆ ಇವನ್ನೆಲ್ಲ ಟೆಂಡರ್ ಕರೆದು ತರಿಸುತ್ತಿದ್ದರು. ಉಡುಪಿ ಕಡೆಯ ನೆಂಟರು ಮದುವೆ ಮನೆಗಳಲ್ಲಿ "ನಮ್ಮ ಹಯವದನ ರಾಕೆಟ್ ಬಿಡುವವ" ಎಂದು ಪರಿಚಯ ಮಾಡಿಕೊಟ್ಟರೆ ರಾಯರು ತಲೆ ತಗ್ಗಿಸಿ ಸಣ್ಣಗೆ ನಗುತ್ತಿದ್ದರು. ಜನ ಅದನ್ನು ವಿನಯ ಅಂದುಕೊಳ್ಳುತ್ತಿದ್ದರು. ಹೆಂಡತಿ ಇಂದಿರಾ ಮಾತ್ರ ಅತ್ತ ಮುಖ ತಿರುಗಿಸಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ನಿವೃತ್ತಿಯಾದ ಮೇಲೆ ಅಹಮದಾಬಾದಿನ ಹೊರವಲಯದ ಬೋಪಾಲ್‌ನ ಒಂಬತ್ತನೇ ಮಹಡಿಯ ಮನೆಯಲ್ಲಿ ಕೂತು ರಾಯರಿಗೆ ಇತಿಹಾಸದ ಗೀಳು ಹತ್ತಿತು. ಸುತ್ತಲಿನ ಮೆಟ್ಟಿಲು ಬಾವಿಗಳನ್ನು ಟೇಪು ಹಿಡಿದು ಅಳೆದು ಬಂದರು. ಕನ್ನಡ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಮೂರು ಲೇಖನ ಬಂತು. ಓದಿದವರು ಇಬ್ಬರು: ರಾಯರು ಮತ್ತು ಕರಡು ತಿದ್ದಿದವರು. ಆದರೂ ಲೇಖನದ ಕೆಳಗೆ ದಪ್ಪ ಅಕ್ಷರದಲ್ಲಿ "ಲೇಖಕರು ಸಂಶೋಧಕರು" ಅಂತ ಅಚ್ಚಾಗಿತ್ತಲ್ಲ, ಅಷ್ಟು ಸಾಕಾಯಿತು.

ವಡೋದರಾ ಕನ್ನಡ ಸಂಘದ ಅಧ್ಯಕ್ಷ ನಂಜುಂಡ ಮೈಸೂರಿನವರು, ರೈಲ್ವೆಯಿಂದ ನಿವೃತ್ತರಾದವರು. ಅವರಿಗೆ ಫಾದರ್ ಸಿರಿಲ್ ಪರಮಾರ್ ಎಂಬ ಪಾದ್ರಿಗಳ ಪರಿಚಯವಿತ್ತು. ವಡೋದರಾದಿಂದ ಒಂದು ಗಂಟೆ ದೂರದ ಭಾಣಪುರ ಎಂಬ ಹಳ್ಳಿಯ ಇಗರ್ಜಿ ಆ ಪಾದ್ರಿಗಳದು. ಇಗರ್ಜಿಗೆ ಎಪ್ಪತ್ತೈದು ತುಂಬುವ ಹಬ್ಬ ಹತ್ತಿರ ಬಂದಿತ್ತು. ಬಾಗಿಲ ಪಕ್ಕದ ಗೋಡೆಗೆ ಕಪ್ಪು ಗ್ರಾನೈಟ್ ಕಲ್ಲೊಂದನ್ನು ಕೂರಿಸಿ, ಇಗರ್ಜಿ ಯಾರು ಕಟ್ಟಿದ್ದು, ಹೇಗೆ ಕಟ್ಟಿದ್ದು ಅಂತ ನಾಲ್ಕು ಸಾಲು ಕೆತ್ತಿಸಬೇಕು ಅಂತ ಫಾದರ್ ಅವರ ಆಸೆ. ಆದರೆ ದಾಖಲೆ ಪುಸ್ತಕದಲ್ಲಿ ಇದ್ದದ್ದು ಒಂದೇ ಸಾಲು: 1948ರಲ್ಲಿ ಪ್ರತಿಷ್ಠೆಯಾಯಿತು. "ನಮ್ಮಲ್ಲೊಬ್ರು ದೊಡ್ಡ ಸಂಶೋಧಕರಿದ್ದಾರೆ ಸ್ವಾಮಿ, ರಾಕೆಟ್ ಬಿಡೋರು" ಅಂದುಬಿಟ್ಟರು ನಂಜುಂಡ. ರಾಯರು ಫೋನಿನಲ್ಲೂ ಸಣ್ಣಗೆ ನಕ್ಕರು.

ಮೊದಲ ಸಲ ಹೋದಾಗ ಇಂದಿರಾ ಕೂಡ ಜೊತೆಗಿದ್ದರು. ಹೊಗೆಸೊಪ್ಪಿನ ಹೊಲಗಳ ನಡುವೆ ಸುಣ್ಣ ಬಳಿದ ಗೋಡೆ, ಹೆಂಚಿನ ಮಾಡು, ಮುಂದೆ ಗಂಟೆ ತೂಗುಹಾಕಿದ ಒಂದು ಕಮಾನು. ಅಷ್ಟೇ ಇಗರ್ಜಿ. ಬಾಗಿಲಲ್ಲಿ ಕೀಲಿಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬಳು ಗಿಡ್ಡ ಮುದುಕಿ ಕೂತಿದ್ದಳು. ಹೆಸರು ರೇವಾಬೆನ್ ಮೆಕ್ವಾನ್, ವಯಸ್ಸು ಎಂಬತ್ತನಾಲ್ಕು. ಇಗರ್ಜಿಯ ಕಸ ಗುಡಿಸುವುದು, ಗಂಟೆ ಹೊಡೆಯುವುದು, ದೀಪ ಹಚ್ಚುವುದು ಎಲ್ಲ ಆಕೆಯದೇ. ರಾಯರು ಕಾರಿನಿಂದ ಇಳಿಯುತ್ತಲೇ ಆಕೆ ಎದ್ದು ಬಂದು ಗುಜರಾತಿಯಲ್ಲಿ ಕೇಳಿದಳು:

"ಕಲ್ಲಿನ ಮೇಲೆ ಬರೆಯೋ ಸಾಹೇಬ್ರು ನೀವೇನಾ? ನಮ್ಮಪ್ಪ ಧನಜಿಭಾಯಿ ಹೆಸರು ಬರೀರಿ. ಅಳತೆ ಹಾಕಿ ಇದನ್ನ ಕಟ್ಟಿಸಿದ್ದು ಅವನೇ."

"ಅಪ್ಪ ಇಂಜಿನಿಯರಾ?" ಅಂತ ಕೇಳಿದರು ರಾಯರು.

"ಅಲ್ಲ. ನೇಕಾರ."

ಫಾದರ್ ಸಿರಿಲ್ ರಾಯರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಈಕೆ ಇಪ್ಪತ್ತು ವರ್ಷದಿಂದ ಇದೇ ಕೇಳುತ್ತಿದ್ದಾಳೆ. ನಾನು ಸುಮ್ಮನೆ ಒಂದು ಹೆಸರು ಹಾಕಿದರೆ ಉಳಿದ ಮನೆಯವರು ನನ್ನನ್ನು ಬಿಡುತ್ತಾರಾ? ಹೊರಗಿನವರು, ತಿಳಿದವರು, ನೀವು ಪರೀಕ್ಷೆ ಮಾಡಿ ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ." ಅಂದರೆ ಮುದುಕಿಯ ಅಪ್ಪನ ಹೆಸರು ಉಳಿಯುವುದೋ ಅಳಿಯುವುದೋ ಖರೀದಿ ವಿಭಾಗದ ರಾಯರ ಬಾಯಲ್ಲಿತ್ತು. ರಾಯರಿಗೆ ಎದೆ ಎರಡಂಗುಲ ಉಬ್ಬಿತು.

ಅಷ್ಟರಲ್ಲಿ ಅವರ ಕಣ್ಣು ಜಗಲಿಯಲ್ಲಿ ಬಿದ್ದಿದ್ದ ಒಂದು ಹೆಂಚಿನ ಮೇಲೆ ಬಿತ್ತು. ಮಾಡಿನಿಂದ ಜಾರಿದ್ದು. ತಿರುಗಿಸಿ ನೋಡುತ್ತಾರೆ, ಬೆನ್ನ ಮೇಲೆ ಮಂಗಳೂರಿನ ಕಾರ್ಖಾನೆಯ ಅಚ್ಚು, ಕೆಳಗೆ 1903 ಅಂತ ಇಸವಿ! ಊರು ಬಿಟ್ಟು ನಲವತ್ತು ವರ್ಷವಾದ ಮನುಷ್ಯ, ಗುಜರಾತಿನ ಧೂಳಿನಲ್ಲಿ ಮಂಗಳೂರು ಹೆಂಚು. ಕಣ್ಣಲ್ಲಿ ನೀರೇ ಬಂತು. ಕಣ್ಣಲ್ಲಿ ನೀರು ಬಂದ ಹೊತ್ತಿನಲ್ಲಿ ಇತಿಹಾಸ ಬರೆಯಬಾರದು, ಆದರೆ ಅದನ್ನು ರಾಯರಿಗೆ ಹೇಳುವವರು ಯಾರು?

"ಇಂದಿರಾ, ಇದು ನಮ್ಮವರು ಕಟ್ಟಿದ್ದು ಮಾರಾಯ್ತಿ!"

"ನಮ್ಮವರು ಅಂದ್ರೆ ಯಾರು?"

"ಮಂಗಳೂರಿನವರು!"

"ನಿಮ್ಮ ಮನೆ ಇರೋದು ಉಡುಪಿಯಲ್ಲಿ" ಅಂದರು ಇಂದಿರಾ.

ರಾಯರು ಕಿವಿಗೆ ಹಾಕಿಕೊಳ್ಳಲಿಲ್ಲ. ಟೇಪು ಬಿಚ್ಚಿ ಅಳೆಯಲು ಶುರು ಮಾಡಿದರು. ಉದ್ದ ಅರವತ್ತೆಂಟು ಅಡಿ. ಅಗಲ ಇಪ್ಪತ್ತೆರಡು ಅಡಿ ಎಂಟು ಇಂಚು. ಗೋಡೆಯ ಎತ್ತರ ಹನ್ನೊಂದು ಅಡಿ ನಾಲ್ಕು ಇಂಚು. ಅಡಿಯ ಲೆಕ್ಕಕ್ಕೂ ಸರಿಯಿಲ್ಲ, ಮೀಟರಿಗೂ ಹೊಂದುವುದಿಲ್ಲ. ಬೋಪಾಲ್‌ಗೆ ಬಂದು ಮೂರು ದಿನ ಕ್ಯಾಲ್ಕುಲೇಟರ್ ಕುಟ್ಟಿದ ಮೇಲೆ ಹೊಳೆಯಿತು: ಎಲ್ಲವೂ ಹದಿನೇಳು ಇಂಚಿನ ಲೆಕ್ಕ! ಉದ್ದ ನಲವತ್ತೆಂಟು ಹದಿನೇಳು, ಅಗಲ ಹದಿನಾರು ಹದಿನೇಳು, ಎತ್ತರ ಎಂಟು ಹದಿನೇಳು. ಹಾಗಾದರೆ ಈ ಹದಿನೇಳು ಎಲ್ಲಿಯದು? ಕರಾವಳಿಯ ಬಡಗಿಗಳ ಅಳತೆಗೋಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆ 'ಸ್ವಲ್ಪ' ಎಲ್ಲಿಂದ ಬಂತು ಅಂದರೆ, ಹಡಗಿನಲ್ಲಿ ಬರುವಾಗ ಸಮುದ್ರದ ತೇವಕ್ಕೆ ಕೋಲು ಊದಿಕೊಂಡಿರಬೇಕು. ಇದನ್ನು ರಾಯರು ಗಂಭೀರವಾಗಿಯೇ ಬರೆದರು. ಊದಿದ್ದು ಕೋಲಲ್ಲ ಅಂತ ಇಂದಿರಾ ಆಗಲೇ ಹೇಳಿದ್ದರು.

ಒಂದು ಕಡೆ ಗೋಡೆಗೆ ಆರು ಕಿಟಕಿ, ಇನ್ನೊಂದು ಕಡೆ ಐದು. ಆರು ಅಂದರೆ ಸೃಷ್ಟಿಯ ಆರು ದಿನ, ಐದು ಅಂದರೆ ಯೇಸುವಿನ ಐದು ಗಾಯ ಅಂತ ರಾಯರು ಅರ್ಥ ಹಚ್ಚಿದರು. ಒಟ್ಟು ಸಾರಾಂಶ: 1905ರ ಸುಮಾರಿಗೆ ಮಂಗಳೂರಿನ ಕುಶಲಕರ್ಮಿಗಳು ಬಂದು ಇಗರ್ಜಿ ಕಟ್ಟಿದರು, 1948ರಲ್ಲಿ ನಡೆದದ್ದು ಬರೀ ದುರಸ್ತಿ.

ಫಾದರ್ ಸಿರಿಲ್ ಫೋನಿನಲ್ಲಿ ತಡವರಿಸಿದರು. "ಆದರೆ ಸಾಹೇಬ್, ಹಬ್ಬ ಮಾಡುತ್ತಿರುವುದು ಎಪ್ಪತ್ತೈದನೇ ವರ್ಷದ್ದು."

"ದುರಸ್ತಿಯ ಎಪ್ಪತ್ತೈದು ಅಂತ ಮಾಡಿ."

"ರೇವಾಬೆನ್ ಅಪ್ಪನ ವಿಷಯ?"

"ಅದಕ್ಕೆ ಆಧಾರ ಇಲ್ಲ ಫಾದರ್. ಮನೆಮಾತು ಅಷ್ಟೆ." ರಾಯರು ಟೆಂಡರ್ ತಿರಸ್ಕರಿಸುವ ಹಳೇ ದನಿಯಲ್ಲಿ ಹೇಳಿದರು.

ಕಲ್ಲು ವಡೋದರಾದ ಅಂಗಡಿಯಲ್ಲಿ ಕೆತ್ತನೆಗೆ ಹೋಯಿತು. ಕೆಳಗೆ "ಸಂಶೋಧನೆ: ಹಯವದನ ರಾವ್, ಅಹಮದಾಬಾದ್" ಎಂಬ ಸಾಲೂ ಸೇರಿತು. ಅದನ್ನು ಯಾರು ಸೇರಿಸಿದರು ಅಂತ ಕೇಳಬೇಡಿ. ಅಕ್ಷರ ಸ್ವಲ್ಪ ದಪ್ಪವಿರಲಿ ಅಂತ ಹೇಳಿದವರೂ ಅವರೇ. ಇತ್ತ ನಂಜುಂಡ ಸಂಘದ ಸಭೆಯಲ್ಲಿ ಸುದ್ದಿ ಹೇಳಿ ಚಪ್ಪಾಳೆ ಗಿಟ್ಟಿಸಿದರು. "ಗುಜರಾತಿನಲ್ಲಿ ಕನ್ನಡಿಗರ ಕೈಚಳಕ" ಅಂತ ಬ್ಯಾನರ್ ಬರೆಸಿ, ಹಬ್ಬದ ದಿನಕ್ಕೆ ಸಂಘದ ನಲವತ್ತು ಜನಕ್ಕೆ ಬಸ್ಸೂ ಗೊತ್ತು ಮಾಡಿದರು.

ಹಬ್ಬಕ್ಕೆ ಎರಡು ದಿನ ಮೊದಲು ರಾಯರು ಇಂದಿರಾ ಜೊತೆ ಕಲ್ಲು ನೋಡಲು ಭಾಣಪುರಕ್ಕೆ ಹೋದರು. ಕಲ್ಲು ಬಂದು ಜಗಲಿಯಲ್ಲಿ ಗೋಣಿಚೀಲ ಹೊದ್ದು ಒರಗಿತ್ತು. ರಾಯರು ಗೋಣಿ ಸರಿಸಿ ತಮ್ಮ ಹೆಸರನ್ನು ಎರಡು ಸಲ ಓದಿಕೊಂಡರು. ಮೂರನೇ ಸಲ ಓದುವಷ್ಟರಲ್ಲಿ ಒಳಗಿನಿಂದ ಇಂದಿರಾ ನಗುವುದು ಕೇಳಿಸಿತು.

ಇಂದಿರಾ ಮೂವತ್ತು ವರ್ಷ ತರಕಾರಿಯವರ ಜೊತೆ ಚೌಕಾಸಿ ಮಾಡಿ ಗುಜರಾತಿ ಕಲಿತವರು. ರಾಯರದು ಟೆಂಡರ್ ಇಂಗ್ಲಿಷು, ಕ್ಯಾಂಟೀನ್ ಹಿಂದಿ, ಇಷ್ಟಿಷ್ಟು ಗುಜರಾತಿ. ಒಳಗೆ ಬಲಿಪೀಠದ ಮುಂದೆ ರೇವಾಬೆನ್ ನೆಲದಲ್ಲಿ ಬಿಳಿ ಬಟ್ಟೆ ಹರಡಿಕೊಂಡು ಹಬ್ಬಕ್ಕೆ ಪರದೆ ಅಳೆಯುತ್ತಿದ್ದಳು. ಇಂದಿರಾ ಇನ್ನೊಂದು ತುದಿ ಹಿಡಿದಿದ್ದರು.

"ರೀ, ಕೇಳಿದಿರಾ? ಆ ಕಡೆ ಐದೇ ಕಿಟಕಿ ಯಾಕೆ ಗೊತ್ತುಂಟಾ? ಅಲ್ಲಿ ಜೀವಿಮಾ ಅಂತ ಒಬ್ಬಳ ಅಡುಗೆಮನೆ ಇತ್ತಂತೆ. 'ನಾನು ರೊಟ್ಟಿ ತಟ್ಟೋದನ್ನ ಊರೆಲ್ಲ ಪ್ರಾರ್ಥನೆ ಮಾಡ್ತಾ ನೋಡೋದು ಬೇಡ' ಅಂತ ಹಟ ಹಿಡಿದಳಂತೆ. ನಿಮ್ಮ ಯೇಸುವಿನ ಐದು ಗಾಯ ಬಂದದ್ದು ಜೀವಿಮಾನ ಒಲೆಯಿಂದ ನೋಡಿ!"

ರಾಯರಿಗೆ ಸ್ವಲ್ಪ ಇರುಸುಮುರುಸಾಯಿತು. ಒಂದು ಕಿಟಕಿ ತಾನೇ, ಹೋದರೆ ಹೋಯಿತು ಅಂತ ಸಮಾಧಾನ ಮಾಡಿಕೊಂಡರು. ಅಷ್ಟರಲ್ಲಿ ರೇವಾಬೆನ್ ಮೊಣಕೈಯಿಂದ ನಡುಬೆರಳ ತುದಿಗೆ ಬಟ್ಟೆ ಎಳೆದೆಳೆದು "ಆರು, ಏಳು, ಎಂಟು" ಅಂತ ಎಣಿಸಿ ಅಲ್ಲಿಗೆ ಗುರುತು ಹಾಕಿದಳು. ರಾಯರಿಗೆ ಒಂದು ಕೆಟ್ಟ ಅಭ್ಯಾಸ, ಯಾರು ಏನು ಅಳೆದರೂ ತಾವೊಮ್ಮೆ ಅಳೆಯಲೇಬೇಕು. ಟೇಪು ಹಿಡಿದರು. ಹನ್ನೊಂದು ಅಡಿ ನಾಲ್ಕು ಇಂಚು.

ಗೋಡೆಯ ಎತ್ತರ ಹನ್ನೊಂದು ಅಡಿ ನಾಲ್ಕು ಇಂಚು. ರಾಯರಿಗೆ ಆ ಸಂಖ್ಯೆ ಬಾಯಿಪಾಠವಾಗಿತ್ತು.

"ಬೆನ್, ಸ್ವಲ್ಪ ಕೈ ಚಾಚಿ" ಅಂದರು. ಒಣಗಿದ ಕಪ್ಪು ಕೈ. ಮೊಣಕೈಯಿಂದ ಬೆರಳ ತುದಿಗೆ ಟೇಪು ಇಟ್ಟರು. ಮತ್ತೊಮ್ಮೆ ಇಟ್ಟರು.

"ಹದಿನೇಳು ಇಂಚು ಅಲ್ವಾ?" ಅಂದರು ಇಂದಿರಾ, ನೋಡದೆಯೇ. ಎರಡು ತಿಂಗಳಿಂದ ಊಟಕ್ಕೆ ಕೂತರೂ ಮಲಗಲು ಹೋದರೂ ಹದಿನೇಳರ ಉಪನ್ಯಾಸ ಕೇಳಿದ ಹೆಂಗಸು. "ಅಯ್ಯೋ ದೇವರೇ. ಮೊಳ ಮಾರಾಯ್ರೇ! ಮೊಳ! ಜೀವಮಾನವಿಡೀ ನನಗೆ ಮೊಳ ಹಾಕಿಸಿ ಹೂವು ತಂದ ಮನುಷ್ಯ ನೀವು, ನಿಮ್ಮ ಕೋಲು ಯಾವ ಸಮುದ್ರದಲ್ಲಿ ಊದಿತು?"

ರೇವಾಬೆನ್‌ಗೆ ಇದೊಂದೂ ಅರ್ಥವಾಗಲಿಲ್ಲ. ಆಕೆ ಕೈಯನ್ನೇ ನೋಡಿಕೊಂಡು ಹೇಳಿದಳು: "ನನಗೆ ನಮ್ಮಪ್ಪನ ಕೈಯೇ ಬಂದಿದೆ ಸಾಹೇಬ್. ಅವನೂ ಗಿಡ್ಡ. ಈ ಗಿಡ್ಡ ಕೈಯಲ್ಲಿ ಬಾವಿಯ ಹಗ್ಗ ಎಷ್ಟೊತ್ತಿಗೆ ಮೇಲೆ ಬರಬೇಕು ಅಂತ ಅವ್ವ ಬಯ್ಯೋಳು."

ಇಂದಿರಾ ಪಕ್ಕದಲ್ಲಿ ಕೂತು ಕೇಳುತ್ತ ಹೋದರು, ಆಕೆ ಹೇಳುತ್ತ ಹೋದಳು. ಊರಿನಲ್ಲಿ ಆಗ ನಲವತ್ತು ನೇಕಾರರ ಮನೆ. ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಬರುತ್ತಿದ್ದ ಸ್ಪೇನಿನ ಪಾದ್ರಿ, ಇಗರ್ಜಿ ಕಟ್ಟಿ ಅಂದು ಹೊರಟುಹೋದ. ಎಷ್ಟು ದೊಡ್ಡದು ಅಂತ ಹೇಳಲೇ ಇಲ್ಲ. ಧನಜಿಭಾಯಿಗೆ ಗೊತ್ತಿದ್ದ ಅತಿ ಉದ್ದದ ವಸ್ತು ಅಂದರೆ ಬೀದಿಯಲ್ಲಿ ಗೂಟ ನೆಟ್ಟು ನೂಲು ಎಳೆದು ಕಟ್ಟುತ್ತಿದ್ದ ಹಾಸು, ನಲವತ್ತೆಂಟು ಮೊಳ. ಆ ಹಾಸನ್ನೇ ಬಯಲಿಗೆ ಹೊತ್ತು ತಂದು ನೆಲದ ಮೇಲೆ ಬಿಗಿದು, ಅದರ ಗುಂಟ ಸುಣ್ಣ ಚೆಲ್ಲಿದ. ಇಟ್ಟಿಗೆ ಊರವರೇ ಸುಟ್ಟರು. ಹೆಂಚು? ಎಂಟು ಮೈಲಿ ಆಚೆ ಸಣ್ಣ ರೈಲಿನ ನಿಲ್ದಾಣದಲ್ಲಿ ಹಳೇ ಗೂಡ್ಸ್ ಶೆಡ್ ಕೆಡವಿದ್ದರು. ಅಲ್ಲಿಂದ ತಲೆ ಮೇಲೆ ಹೊತ್ತು ತಂದದ್ದು.

"ನಾನು ಒಂಬತ್ತು ವರ್ಷದವಳು. ಒಂದು ಸಲಕ್ಕೆ ಎರಡು ಹೆಂಚು. ಒಂದು ದಿನ ಒಂದು ಒಡೀತು. ಹೊಡೀತಾನೆ ಅಂತ ಅಳ್ತಾ ಬಂದೆ. ನಮ್ಮಪ್ಪ ಹೊಡೀಲಿಲ್ಲ" ಅಂದಳು ರೇವಾಬೆನ್. ಬಟ್ಟೆಯ ಮಡಿಕೆ ಸರಿಮಾಡುತ್ತ, "ಅವನಿಗೆ ಸಮಾಧಿ ಕಲ್ಲೂ ಇಲ್ಲ. ಮಣ್ಣಿನ ಗುಡ್ಡೆ ಇತ್ತು, ಪ್ರವಾಹದಲ್ಲಿ ಹೋಯ್ತು. ಅದಕ್ಕೇ ಕೇಳ್ತಾ ಇದ್ದದ್ದು" ಅಂದಳು.

ರಾಯರು ಹೊರಗೆ ಬಂದು ಕಲ್ಲಿನ ಪಕ್ಕ ಕೂತರು. ಆ ಹೊತ್ತಿನಲ್ಲಿ ಅವರ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹದಿನೇಳು ಹದಿನೇಳಕ್ಕೆ ತಾಳೆಯಾಗಿದ್ದು ಕಾಕತಾಳೀಯ ಇರಬಹುದಲ್ಲ? ಮುದುಕಿ ಯಾರಿಗೆ ತೋರಿಸಲು ಹೋಗುತ್ತಾಳೆ? ಕಲ್ಲು ಕೆತ್ತಿ ಆಗಿದೆ, ಬಸ್ಸು ಗೊತ್ತಾಗಿದೆ, ಬ್ಯಾನರ್ ಒಣಗಿದೆ. ಸುಮ್ಮನಿದ್ದರೆ ನಾಡಿದ್ದು ಶಾಲು, ಹಾರ, ಬಿಷಪ್ಪರ ಜೊತೆ ಫೋಟೋ. ಹೇಳಿದರೆ ನಲವತ್ತು ಕನ್ನಡಿಗರ ಎದುರು ಮುಖ ಎಲ್ಲಿಡುವುದು? ಹೀಗೆ ಅವರು ಸುಮಾರು ಕಾಲು ಗಂಟೆ ತಮ್ಮ ಪರವಾಗಿ ತಾವೇ ವಾದಿಸಿದರು. ವಾದ ಬಹಳ ಚೆನ್ನಾಗಿಯೇ ಇತ್ತು. ಆದರೆ ಒಳಗೆ ಮುದುಕಿ ಮತ್ತೆ ಬಟ್ಟೆ ಎಣಿಸುತ್ತಿದ್ದಳು, ಒಂದು, ಎರಡು, ಮೂರು ಅಂತ. ಪ್ರತಿಯೊಂದು ಎಣಿಕೆಯೂ ಹದಿನೇಳು ಇಂಚು. ರಾಯರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಫಾದರ್!" ಅಂತ ಕೂಗಿದರು. "ಒಂದು ಕೈ ಹಿಡೀರಿ. ಈ ಕಲ್ಲು ಕಾರಿಗೆ ಹಾಕಬೇಕು."

ಫಾದರ್ ಸಿರಿಲ್ ಎಲ್ಲ ಕೇಳಿ, ಎರಡು ನಿಮಿಷ ಯೋಚಿಸಿ ಒಪ್ಪಿದರು. ಅಳತೆಗೆ ಒಂದು ಕೈಯ ಹೆಸರು, ಕಟ್ಟಿದ್ದಕ್ಕೆ ನಲವತ್ತೂ ಮನೆಯ ಹೆಸರು. ಹೀಗೆ ಬರೆದರೆ ಜಗಳಕ್ಕೆ ಯಾರೂ ಬರುವುದಿಲ್ಲ ಅಂದರು.

ವಡೋದರಾದಲ್ಲಿ ಕಲ್ಲು ಕೆತ್ತುವವನು ತಲೆ ಕೆರೆದುಕೊಂಡ. ಕೆತ್ತಿದ್ದನ್ನು ಅಳಿಸಲು ಬರುವುದಿಲ್ಲ, ಹೊಸ ಕಲ್ಲಿಗೆ ಸಮಯವಿಲ್ಲ. ಇದೇ ಕಲ್ಲನ್ನು ಮಗುಚಿ, ಬೆನ್ನಿಗೆ ಪಾಲಿಶ್ ಹೊಡೆದು, ಅಲ್ಲಿ ಬರೆಯಬಹುದು. "ಏನು ಬರೀಲಿ?" ಅಂದ. ರಾಯರು ಚೀಟಿ ಕೊಟ್ಟರು. ಕೊಟ್ಟು, ಗಂಟಲು ಸರಿಮಾಡಿಕೊಂಡು, "ಕೆಳಗೆ ಒಂಚೂರು ಜಾಗ ಉಳಿದರೆ, ಸಣ್ಣ ಅಕ್ಷರದಲ್ಲಿ, ಸಂಶೋಧನೆ ಅಂತ..." ಅಂದರು.

ಇಂದಿರಾ ಕೆಮ್ಮಿದರು.

"ಜಾಗ ಉಳಿದರೆ ಉಳೀಲಿ" ಅಂದರು ರಾಯರು.

ಹಬ್ಬದ ದಿನ ಮೈದಾನ ತುಂಬ ಜನ. ಕನ್ನಡ ಸಂಘದ ಬಸ್ಸು ಬಂತು, ಬ್ಯಾನರ್ ಇಳಿಯಿತು. ಬಿಷಪ್ಪರು ಕಲ್ಲಿನ ಪರದೆ ಸರಿಸುವ ಮೊದಲು ರಾಯರಿಗೆ ಮೈಕು ಕೊಟ್ಟರು. ನಲವತ್ತು ನಿಮಿಷದ ಉಪನ್ಯಾಸ ತಯಾರಾಗಿತ್ತು, ಆದರೆ ಅದರಲ್ಲಿ ಬಳಸಬಹುದಾದ ಮಾತು ನಮಸ್ಕಾರ ಒಂದೇ. ರಾಯರು ತಮ್ಮ ಮುರುಕು ಗುಜರಾತಿಯಲ್ಲಿ ಹೇಳಿದರು:

"ನಮಸ್ಕಾರ. ಈ ಇಗರ್ಜಿ ಮಂಗಳೂರಿನವರು ಕಟ್ಟಿದ್ದು ಅಂತ ನಾನು ಹೇಳಿದ್ದೆ. ತಪ್ಪು. ಒಂದು ಹೆಂಚು ನೋಡಿ ಹುಚ್ಚಾದೆ. ಅಳೆದದ್ದು ಧನಜಿಭಾಯಿ ಮೆಕ್ವಾನ್, ತಮ್ಮ ಮೊಳದಿಂದ. ಟೇಪು ಹಿಡಿದು ಎಷ್ಟು ಸಲ ನೋಡಿದರೂ ಅಷ್ಟೇ ಬರುತ್ತದೆ. ನಾನು ವಿಜ್ಞಾನಿಯೂ ಅಲ್ಲ. ಖರೀದಿ ವಿಭಾಗದಲ್ಲಿದ್ದೆ."

ಕೊನೆಯ ಮಾತು ಬೇಕಾಗಿರಲಿಲ್ಲ, ಬಾಯಿ ತೆರೆದ ವೇಗಕ್ಕೆ ಹೊರಗೆ ಬಿತ್ತು. ಹಳ್ಳಿಯವರು ನಕ್ಕರು. ಸಂಘದವರು ನಗಲಿಲ್ಲ. ಪರದೆ ಸರಿಯಿತು. ಬಿಷಪ್ಪರು ಗಟ್ಟಿಯಾಗಿ ಓದಿದರು: ಉದ್ದ ನಲವತ್ತೆಂಟು ಮೊಳ, ಅಗಲ ಹದಿನಾರು ಮೊಳ. ಅಳೆದ ಕೈ ನೇಕಾರ ಧನಜಿಭಾಯಿ ಮೆಕ್ವಾನ್ ಅವರದು. ಕಟ್ಟಿದ್ದು ಭಾಣಪುರದ ನಲವತ್ತು ಮನೆ. 1948.

ರೇವಾಬೆನ್ ಓದು ಬಲ್ಲವಳಲ್ಲ. ಹೆಸರು ಕಿವಿಗೆ ಬಿದ್ದದ್ದೇ ತಡ, ಬಿಷಪ್ಪರು ಮುಂದೆ ನಿಂತಿದ್ದಾರೆ ಅನ್ನುವುದನ್ನೂ ನೋಡದೆ "ಬಾಪಾ!" ಅಂತ ಜೋರಾಗಿ ಅತ್ತುಬಿಟ್ಟಳು. ಇಂದಿರಾ ಓಡಿ ಹೋಗಿ ತಬ್ಬಿಕೊಂಡರು. ರಾಯರಿಗೂ ಕಣ್ಣಲ್ಲಿ ನೀರು ಬಂತು.

ನಂಜುಂಡ ಹತ್ತಿರ ಬಂದು ನಿಂತರು. "ಏನ್ ಸ್ವಾಮಿ ಹಿಂಗ್ ಮಾಡ್ಬಿಟ್ರಿ? ನಲವತ್ತು ಜನ ಬಸ್ ಮಾಡ್ಕೊಂಡ್ ಬಂದಿದೀವಿ ಕಣ್ರೀ."

"ಕ್ಷಮಿಸಿ ನಂಜುಂಡ. ಹೆಂಚು ಗೂಡ್ಸ್ ಶೆಡ್ಡಿನದು."

"ಯಾವ ಶೆಡ್ಡು? ರೈಲ್ವೇದಾ?" ನಂಜುಂಡರ ಮುಖ ನಿಧಾನವಾಗಿ ಅರಳಿತು. "ಮೊದಲೇ ಹೇಳ್ಬಾರ್ದಾ? ಹಂಗಾದ್ರೆ ಇದು ನಮ್ಮ ರೈಲ್ವೆಯವರ ಚರ್ಚು!" ಅಂತ ಸಂಘದವರಿಗೆ ವಿವರಿಸಲು ಹೊರಟೇಹೋದರು.

ಊಟವಾದ ಮೇಲೆ ರೇವಾಬೆನ್ ಕಲ್ಲಿನ ಮುಂದೆ ಕೂತು ಒಂದೊಂದು ಅಕ್ಷರವನ್ನೂ ಬೆರಳಲ್ಲಿ ತಡವಿ ನೋಡುತ್ತಿದ್ದಳು. "ನಿಮ್ಮ ಹೆಸರು ಎಲ್ಲಿದೆ ಸಾಹೇಬ್?" ಅಂತ ಕೇಳಿದಳು.

"ಅದು ಗೋಡೆ ಕಡೆಗಿದೆ ಬೆನ್. ಹಿಂದುಗಡೆ."

ಇಂದಿರಾ ತಟ್ಟನೆ ತಿರುಗಿದರು. "ಅಲ್ಲ ಮಾರಾಯ್ರೇ, ನಿಮ್ಮ ಮಂಗಳೂರು ಕತೆಯೆಲ್ಲ ಹಾಗೇ ಹಿಂದೆ ಉಂಟಲ್ಲ! ನೂರು ವರ್ಷ ಬಿಟ್ಟು ಯಾರೋ ಒಬ್ಬ ಕಲ್ಲು ಕಿತ್ತು ನೋಡ್ತಾನೆ. ಓಹೋ, ಹಿಂದೆ ಇರೋದೇ ಹಳೇದು, ಹಾಗಾಗಿ ಅದೇ ನಿಜ ಅಂತಾನೆ. ಆಮೇಲೆ?"

ಅಲ್ಲದೆ ಮತ್ತೇನು, ರಾಯರು ತಾವೇ ಆಗಿದ್ದರೂ ಹಾಗೇ ಬರೆಯುತ್ತಿದ್ದರು. ಓಡಿ ಹೋಗಿ ಕಲ್ಲಿನ ಅಂಚು ಮುಟ್ಟಿ ನೋಡಿದರು. ಸಿಮೆಂಟು ಗಟ್ಟಿಯಾಗಿ ಕೂತಿತ್ತು.

ಸಾಹೇಬರು ಯಾಕೆ ಗೋಡೆ ಕೆರೆಯುತ್ತಿದ್ದಾರೆ ಅಂತ ಇಂದಿರಾ ರೇವಾಬೆನ್‌ಗೆ ಬಿಡಿಸಿ ಹೇಳಿದರು. ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು.

"ಬರಲಿ ಬಿಡಿ ಸಾಹೇಬ್. ಆಗಲೂ ಈ ಬಾಗಿಲಲ್ಲಿ ಯಾವಳಾದರೂ ಮುದುಕಿ ಕೂತಿರ್ತಾಳೆ. ಬಂದವನು ಅವಳನ್ನ ಒಂದು ಮಾತು ಕೇಳಿದರೆ ಆಯ್ತು."

"ನಮ್ಮಂಥವರು ಕೇಳುವುದಿಲ್ಲ ಬೆನ್" ಅಂದರು ರಾಯರು. "ಅವಳಾಗಿ ಹೇಳಲು ಎದ್ದು ಬಂದರೂ ಟೇಪು ಹಿಡಿದು ಆಚೆ ಹೋಗುತ್ತೇವೆ."

"ಅದು ಹೌದು" ಅಂದಳು ರೇವಾಬೆನ್.